ತಣಿಯುವ ಪಾತ್ರೆಯೂ ಹೆಬ್ಬಗೋಡಿಯ ಕಿಣ್ವಗಳೂ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿ, ಒಂದು ದಿನವೂ ಬಿಯರಿನ ರುಚಿ ನೋಡದ ಮೇಷ್ಟ್ರು ಬಿಯರಿನ ಪಾತ್ರೆಯ ಮುಚ್ಚಳದ ಬಗ್ಗೆ ಲೇಖನ ಬರೆಯುವುದೇ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಪ್ರಶ್ನೆ ನನ್ನದಲ್ಲ, ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನದು. ಅಲ್ಲಿ ಮನೆಬಳಕೆಗೆ ಮನೆಯಲ್ಲೇ ಬಿಯರ್ ತಯಾರಿಸಿಕೊಳ್ಳುವುದಕ್ಕೆ 1979ರ ಫೆಬ್ರವರಿಯಿಂದ ಕೇಂದ್ರ ಕಾನೂನಿನ ಸಮ್ಮತಿಯಿದೆ. ಅವನು ಫೋನಿನಲ್ಲಿ ಕೇಳಿದ್ದು ಇಷ್ಟು: "ಸಾರ್, ಡಬ್ಬಿಯ ಮುಚ್ಚಳ ಭದ್ರವಾಗಿತ್ತು, ಮೇಲಿನ ಏರ್‌ಲಾಕ್ ಕೊಳವೆಯಲ್ಲಿ ನೀರಿತ್ತು. ತಿಳಿಯಾಗಲಿ ಅಂತ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಕೊಳವೆ ಖಾಲಿ. ನೀರು ಎಲ್ಲಿ ಹೋಯಿತು?"

ನೀರು ಬಿಯರಿನೊಳಕ್ಕೆ ಹೋಗಿತ್ತು. ಅದರ ಹಿಂದೆಯೇ ಫ್ರಿಜ್ಜಿನ ಗಾಳಿಯೂ, ಗಾಳಿಯಲ್ಲಿ ಇದ್ದಬದ್ದ ಜೀವಾಣುಗಳೂ ಹೋಗಿದ್ದವು. ಏಕೆ ಹೀಗಾಯಿತೆಂದು ಅವನಿಗೆ ವಿವರಿಸಿದ ಮೇಲೂ ವಿಷಯ ನನ್ನನ್ನು ಬಿಡಲಿಲ್ಲ. ಹಿಂದಕ್ಕೆ ಹಿಂದಕ್ಕೆ ಓದುತ್ತ ಹೋದಾಗ ಈ ಪುಟ್ಟ ತೊಂದರೆಯ ಜಾಡು ಪ್ಯಾರಿಸ್ಸಿನ ಪ್ರಯೋಗಶಾಲೆಯಿಂದ ನೀಲಗಿರಿಯ ಬೆಟ್ಟಕ್ಕೂ, ಅಲ್ಲಿಂದ ನಮ್ಮ ಹೊಸೂರು ರಸ್ತೆಗೂ ಬಂದು ನಿಂತಿತು.

ಮೊದಲು ತೊಂದರೆಯ ಸ್ವರೂಪವನ್ನು ತಿಳಿದುಕೊಳ್ಳೋಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಹಾಪ್ಸ್ ಎಂಬ ಕಹಿಹೂವಿನೊಡನೆ ಕುದಿಸಿದರೆ ಸಿಹಿಯಾದ ಕಷಾಯ ಸಿಗುತ್ತದೆ. ಅದನ್ನು ತಣಿಸಿ ಯೀಸ್ಟ್ ಹಾಕಿದರೆ ಸಕ್ಕರೆಯು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಒಡೆಯುತ್ತದೆ. ಇಪ್ಪತ್ತು ಲೀಟರ್ ಸಾಮಾನ್ಯ ಬಿಯರ್ ಹುದುಗಿ ಮುಗಿಯುವಷ್ಟರಲ್ಲಿ ಹೊರಬೀಳುವ ಅನಿಲ ಸುಮಾರು 400 ಲೀಟರ್. ಪಾತ್ರೆಯನ್ನು ಪೂರ್ತಿ ಬಿಗಿದರೆ ಅದು ಸಿಡಿಯುತ್ತದೆ. ತೆರೆದಿಟ್ಟರೆ ಹುಳಿಯಾಗುತ್ತದೆ. ಒಳಗಿನದು ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಕೂಡದು. ಕೊಳವೆಯ ಬಾಗಿನಲ್ಲಿ ನಿಂತ ಒಂದಿಷ್ಟು ನೀರು ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ. ಅನಿಲ ಗುಳುಗುಳು ಸದ್ದು ಮಾಡುತ್ತ ಹೊರಹೋಗುತ್ತದೆ.

ಆದರೆ ಈ ಕಾವಲು ನಡೆಯುವುದು ಪಾತ್ರೆ ಉಸಿರು ಬಿಡುತ್ತಿರುವವರೆಗೆ ಮಾತ್ರ. ಹುದುಗುವಿಕೆ ಮುಗಿದು ಪಾತ್ರೆ ತಣ್ಣಗಾದ ಕೂಡಲೇ ಅದು ಉಸಿರು ಎಳೆಯತೊಡಗುತ್ತದೆ. ತರಗತಿಯಲ್ಲಿ ತಗಡಿನ ಡಬ್ಬಿಯ ಪ್ರಯೋಗ ನೋಡಿದ್ದವರಿಗೆ ಇದನ್ನು ಹೇಳಬೇಕಾಗಿಲ್ಲ. ಡಬ್ಬಿಯಲ್ಲಿ ಸ್ವಲ್ಪ ನೀರು ಕುದಿಸಿ, ಹಬೆ ತುಂಬಿದ ಮೇಲೆ ಬಿರಡೆ ಬಿಗಿದು, ಮೇಲೆ ತಣ್ಣೀರು ಸುರಿದರೆ ಡಬ್ಬಿ ಅಪ್ಪಚ್ಚಿಯಾಗುತ್ತಿತ್ತು. ಹಿಂದಿನ ಬೆಂಚಿನ ಹುಡುಗರೂ ಎದ್ದು ನಿಂತು ನೋಡುತ್ತಿದ್ದ ಪ್ರಯೋಗಗಳಲ್ಲಿ ಅದೂ ಒಂದು.

ನನ್ನ ವಿದ್ಯಾರ್ಥಿಯ ಡಬ್ಬಿಯಲ್ಲಿ ದ್ರವದ ಮೇಲೆ 5 ಲೀಟರ್ ಖಾಲಿ ಜಾಗವಿತ್ತೆಂದು ಇಟ್ಟುಕೊಳ್ಳಿ. ಉಷ್ಣತೆ 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿದರೆ ಅಲ್ಲಿನ ಅನಿಲ ಕುಗ್ಗುವುದರಿಂದಲೇ ಸುಮಾರು 300 ಮಿಲಿಲೀಟರ್ ಗಾಳಿಗೆ ಒಳಗೆ ಜಾಗವಾಗುತ್ತದೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಬಹಳ ಜನ ಮರೆಯುತ್ತಾರೆ. ತಣ್ಣನೆಯ ದ್ರವ ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಕುಡಿಯುತ್ತದೆ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 0.9 ಲೀಟರ್ ಅನಿಲವನ್ನು ಕರಗಿಸಿಕೊಂಡರೆ, 0 ಡಿಗ್ರಿಯಲ್ಲಿ ಸುಮಾರು 1.7 ಲೀಟರನ್ನು ಕರಗಿಸಿಕೊಳ್ಳುತ್ತದೆ. ಹೀಗಾಗಿ ಮೇಲಿದ್ದ ಕಾವಲಿನ ಅನಿಲವನ್ನು ಬಿಯರೇ ನಿಧಾನವಾಗಿ ನುಂಗಿಹಾಕುತ್ತದೆ. ತೆರವಾದ ಜಾಗಕ್ಕೆ ಹೊರಗಿನ ಗಾಳಿ ಬರಲೇಬೇಕು. ಬೆಂಗಳೂರಿನಂಥ ಊರಿನಲ್ಲಿ ಫ್ರಿಜ್ಜಿನ ಹಂಗೂ ಬೇಡ. ಚಳಿಗಾಲದ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಹತ್ತು ಡಿಗ್ರಿ ಅಂತರವಿರುವುದು ಇಲ್ಲಿ ಸಾಮಾನ್ಯ. ಬಾಲ್ಕನಿಯಲ್ಲಿಟ್ಟ ಪಾತ್ರೆ ದಿನಕ್ಕೊಮ್ಮೆ ಉಸಿರಾಡುತ್ತದೆ.

ಈ ಒಳಉಸಿರನ್ನು ಸರಿಯಾಗಿ ಗಮನಿಸಿ ಬರೆದವರಲ್ಲಿ ಲೂಯಿ ಪ್ಯಾಶ್ಚರ್ ಪ್ರಮುಖರು. ಅವರ ಹಂಸದ ಕೊರಳಿನ ಗಾಜಿನ ಬುರುಡೆ ನಮ್ಮ ಪಠ್ಯಪುಸ್ತಕದಲ್ಲಿ ಇದ್ದೇ ಇತ್ತು. ಕೊಳೆಯುವ ವಸ್ತುವಿನಲ್ಲಿ ಜೀವಿಗಳು ತಾವಾಗಿಯೇ ಹುಟ್ಟುತ್ತವೆಂಬ ನಂಬಿಕೆಯನ್ನು ಆ ಬುರುಡೆ ಮುರಿಯಿತೆಂದು ನಾವು ಹೇಳಿಕೊಡುತ್ತಿದ್ದೆವು, ಮಕ್ಕಳು ಬರೆಯುತ್ತಿದ್ದರು, ಎರಡು ಅಂಕ ಸಿಗುತ್ತಿತ್ತು. ಕೊರಳು ಏಕೆ ಬಾಗಿರಬೇಕು ಎಂಬುದು ಆ ಎರಡು ಅಂಕದಲ್ಲಿ ಬರುತ್ತಿರಲಿಲ್ಲ. ಸಾರು ಕುದಿಯುವಾಗ ಹಬೆ ಗಾಳಿಯನ್ನು ಹೊರದೂಡುತ್ತದೆ. ಒಲೆ ಆರಿಸಿದಾಗ ಹೊರಗಿನ ಗಾಳಿ ಮೊದಲು ರಭಸದಿಂದ ನುಗ್ಗುತ್ತದೆ. ಆದರೆ ಆಗ ಸಾರು ಇನ್ನೂ ಕುದಿಬಿಸಿಯಲ್ಲಿರುವುದರಿಂದ ಬಂದ ಜೀವಾಣುಗಳು ಸಾಯುತ್ತವೆ. ಆಮೇಲೆ ಗಾಳಿ ನಿಧಾನವಾಗಿ ಬರುತ್ತದೆ, ಅದರ ಧೂಳು ಬಾಗಿದ ಕೊರಳಿನ ತೇವಕ್ಕೆ ಅಂಟಿಕೊಳ್ಳುತ್ತದೆ. 1860ರ ಆಸುಪಾಸಿನ ಈ ಪ್ರಯೋಗಗಳಿಗೆ 1862ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ಬಂತು. ತಣಿಯುವ ಪಾತ್ರೆಗೆ ಗಾಳಿಯನ್ನು ನಿರಾಕರಿಸಬೇಕಾಗಿಲ್ಲ, ಶುದ್ಧವಾದ ಗಾಳಿಯನ್ನೋ ಅನಿಲವನ್ನೋ ಕೊಟ್ಟರೆ ಸಾಕು ಎಂಬ ಅರಿವು ಅಲ್ಲಿಯೇ ಇದೆ.

ಹತ್ತು ವರ್ಷದ ನಂತರ ಪ್ಯಾಶ್ಚರ್ ಈ ಅರಿವನ್ನು ಬಿಯರಿಗೆ ತಂದರು. ಕಾರಣ ದೇಶಾಭಿಮಾನ. 1870-71ರ ಯುದ್ಧದಲ್ಲಿ ಫ್ರಾನ್ಸ್ ಜರ್ಮನರಿಗೆ ಸೋತಿತ್ತು, ಬಿಯರಿನಲ್ಲಾದರೂ ಅವರನ್ನು ಸೋಲಿಸಬೇಕೆಂಬ ಹಟ ಅವರಿಗಿತ್ತು. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಕಾರ್ಖಾನೆಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ಅವರ ಯೀಸ್ಟನ್ನು ಪರೀಕ್ಷಿಸಿ, ಅದರಲ್ಲಿ ಸೋಂಕಿದೆಯೆಂದು ತೋರಿಸಿಕೊಟ್ಟರು. ಆ ಕಾಲದಲ್ಲಿ ಕುದಿದ ಕಷಾಯವನ್ನು ಅಗಲವಾದ, ಆಳವಿಲ್ಲದ ತೆರೆದ ತಟ್ಟೆಗಳಿಗೆ ಸುರಿದು ರಾತ್ರಿಯಿಡೀ ಆರಲು ಬಿಡುತ್ತಿದ್ದರು. ಕುದಿಸಿ ಶುದ್ಧಮಾಡಿದ್ದನ್ನು ಊರಿನ ಧೂಳಿಗೆಲ್ಲ ಒಡ್ಡಿದಂತೆ! ಮುಚ್ಚಿದ ಪಾತ್ರೆಯಲ್ಲಿ ಕುದಿಸಿ, ಹೊರಗಿನ ಗಾಳಿ ತಾಕದಂತೆ ತಣಿಸುವ ವಿಧಾನಕ್ಕೆ ಪ್ಯಾಶ್ಚರ್ ಪೇಟೆಂಟ್ ಪಡೆದರು. ಅಮೆರಿಕದ ಪೇಟೆಂಟಿನ ವರ್ಷ 1873. ಬಿಯರನ್ನು ಕುರಿತ ಅವರ ಗ್ರಂಥ 1876ರಲ್ಲಿ ಹೊರಬಂತು. ಮುಂದೆ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ 1883ರಲ್ಲಿ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಳಕೆಗೆ ತಂದರು.

ನಮ್ಮ ಕಡೆಯ ಈಚಲು ಹೆಂಡದಲ್ಲಿ ಈ ಜಂಜಾಟವೇ ಇರಲಿಲ್ಲವೆಂಬುದನ್ನೂ ಹೇಳಬೇಕು. ಮಡಕೆ ತೆರೆದೇ ಇರುತ್ತಿತ್ತು, ಗಾಳಿಯ ಯೀಸ್ಟೇ ಸಾಕಾಗುತ್ತಿತ್ತು. ಬೆಳಿಗ್ಗೆ ಸಿಹಿಯಾಗಿದ್ದದ್ದು ಸಂಜೆಗೆ ಹುಳಿಯಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಅಷ್ಟರೊಳಗೆ ಕುಡಿದು ಮುಗಿಸುತ್ತಿದ್ದರು. ತಿಂಗಳುಗಟ್ಟಲೆ ಕಾಪಾಡಬೇಕು, ದೂರಕ್ಕೆ ಸಾಗಿಸಬೇಕು ಎಂದಾಗ ಮಾತ್ರ ಮುಚ್ಚಳದ ಪ್ರಶ್ನೆ ಹುಟ್ಟುತ್ತದೆ.

ಹಾಗೆ ಕಾಪಾಡಬೇಕೆಂದವರು ಬ್ರಿಟಿಷರು. ತಣ್ಣಗಿಡುವ ಯಂತ್ರವಿಲ್ಲದ ಕಾಲದಲ್ಲಿ ಅವರು ಬಿಯರಿಗಾಗಿ ಬೆಟ್ಟ ಹತ್ತಿದರು. ನೀಲಗಿರಿಯ ಕ್ಯಾಸಲ್ ಬ್ರುವರಿಯ ಹುಟ್ಟು 1857ರದು. ಜರ್ಮನಿಯಲ್ಲಿ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ಬ್ರುವರಿಗಳಿಗಾಗಿಯೇ ಶೈತ್ಯಯಂತ್ರ ಮಾಡಿದ ಮೇಲೆ ಬೆಟ್ಟದ ಹಂಗು ಕಡಿಮೆಯಾಯಿತು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣದ ಐದು ಸಣ್ಣ ಬ್ರುವರಿಗಳನ್ನು ಸೇರಿಸಿ ಯುನೈಟೆಡ್ ಬ್ರುವರೀಸ್ ಕಟ್ಟಿದರು. ಸೈನಿಕರಿಗೆ ಬೇಕಾದ ಬಿಯರು ದೊಡ್ಡ ಪೀಪಾಯಿಗಳಲ್ಲಿ ಎತ್ತಿನ ಗಾಡಿಯ ಮೇಲೆ ಹೋಗುತ್ತಿತ್ತು. 1947ರಲ್ಲಿ ವಿಠ್ಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ಅವರ ಹೆಸರಿನ ರಸ್ತೆಯಲ್ಲಿ ಇಂದು ಯುಬಿ ಸಿಟಿಯ ಗೋಪುರಗಳಿರುವ ಜಾಗದಲ್ಲಿ ಮೊದಲು ಇದ್ದದ್ದು ಬ್ರುವರಿ.

ಆ ಕಂಪನಿಯ ಮುಖ್ಯ ಬ್ರೂಮಾಸ್ಟರ್ ಆಗಿದ್ದವರು ರಸೇಂದ್ರ ಮಜುಂದಾರ್. ಮಗಳು ಕಿರಣ್ ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿ, ಇಲ್ಲಿಯೇ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು, ತಂದೆಯ ಸಲಹೆಯಂತೆ ಆಸ್ಟ್ರೇಲಿಯಾದ ಬ್ಯಾಲರಾಟಿಗೆ ಬಿಯರ್ ತಯಾರಿಕೆ ಕಲಿಯಲು ಹೋದರು. ತರಗತಿಯಲ್ಲಿ ಅವರೊಬ್ಬರೇ ಹೆಣ್ಣುಮಗಳು, 1974ರಲ್ಲಿ ಮೊದಲನೆಯವರಾಗಿ ತೇರ್ಗಡೆಯಾದರು. ಊರಿಗೆ ಮರಳಿ ಕಲ್ಕತ್ತಾದಲ್ಲೂ ಬರೋಡಾದಲ್ಲೂ ಸ್ವಲ್ಪ ಕಾಲ ದುಡಿದರು. ಬ್ರೂಮಾಸ್ಟರ್ ಹುದ್ದೆ ಮಾತ್ರ ಸಿಗಲಿಲ್ಲ. ಅದು ಗಂಡಸರ ಕೆಲಸ ಎಂಬುದು ಬಂದ ಉತ್ತರ. ಈ ಮಾತನ್ನು ಓದುವಾಗಲೆಲ್ಲ ನನಗೆ ನನ್ನ ತರಗತಿಗಳ ಹೆಣ್ಣುಮಕ್ಕಳು ಕಣ್ಣಮುಂದೆ ಬರುತ್ತಾರೆ. ವಿಜ್ಞಾನದಲ್ಲಿ ಗಂಡುಹುಡುಗರನ್ನು ಹಿಂದೆ ಹಾಕಿದವರನ್ನು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮದುವೆಯ ಮಾತಿನಲ್ಲಿ ಕಟ್ಟಿಹಾಕಿದ್ದನ್ನು ಎಷ್ಟು ಸಲ ನೋಡಿಲ್ಲ!

ಕಿರಣ್ ಅವರ ಕೈಯಲ್ಲಿ ಉಳಿದದ್ದು ಹುದುಗುವಿಕೆಯ ವಿದ್ಯೆ. ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್ ಸಂಸ್ಥೆಯ ಲೆಸ್ಲಿ ಆಕಿನ್‌ಕ್ಲಾಸ್ ಅವರೊಡನೆ ಸೇರಿ, 1978ರ ನವೆಂಬರಿನಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದೊಡನೆ ಬಯೋಕಾನ್ ಇಂಡಿಯಾ ಆರಂಭಿಸಿದರು. ವಿಚಿತ್ರವೆಂದರೆ ಅಮೆರಿಕದಲ್ಲಿ ಮನೆಬಿಯರಿನ ಕಾನೂನಿಗೆ ಅಧ್ಯಕ್ಷ ಕಾರ್ಟರ್ ಸಹಿ ಬಿದ್ದದ್ದು ಅದರ ಹಿಂದಿನ ತಿಂಗಳು.

ಮೊದಲು ತಯಾರಾದ ಎರಡು ಸರಕುಗಳನ್ನು ನೋಡಿ. ಒಂದು, ಪಪ್ಪಾಯಿ ಕಾಯಿಯ ಹಾಲಿನಿಂದ ತೆಗೆಯುವ ಪಪೈನ್ ಎಂಬ ಕಿಣ್ವ. ಇನ್ನೊಂದು, ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಎರಡಕ್ಕೂ ಬಿಯರಿನೊಡನೆ ಹಳೆಯ ನಂಟು. ಪಾರದರ್ಶಕವಾಗಿದ್ದ ಬಿಯರು ತಣ್ಣಗಾದಾಗ ಅದರ ಪ್ರೋಟೀನುಗಳು ಒಗರಿನ ಅಂಶಗಳೊಡನೆ ಕೂಡಿ ಮಬ್ಬು ಕವಿಯುತ್ತದೆ. ಪಪೈನ್ ಆ ಪ್ರೋಟೀನನ್ನು ಮೊದಲೇ ತುಂಡರಿಸಿ ಮಬ್ಬನ್ನು ತಡೆಯುತ್ತದೆ. ಐಸಿಂಗ್ಲಾಸ್ ತೇಲುವ ಯೀಸ್ಟನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ನನ್ನ ವಿದ್ಯಾರ್ಥಿ ಫ್ರಿಜ್ಜಿನಲ್ಲಿ ಸಾಧಿಸಲು ಹೊರಟದ್ದು ಇದೇ ತಿಳಿಯನ್ನು. ಬ್ರುವರಿಯ ಬಾಗಿಲು ತೆರೆಯದಿದ್ದವರು ಬ್ರುವರಿಗೆ ಬೇಕಾದ ವಸ್ತುಗಳನ್ನು ಗ್ಯಾರೇಜಿನಿಂದ ಕಳಿಸಿದರು. ವರ್ಷದೊಳಗೆ ಕಿಣ್ವಗಳು ಅಮೆರಿಕಕ್ಕೂ ಯೂರೋಪಿಗೂ ರಫ್ತಾದವು. ಆ ಗಳಿಕೆಯಿಂದ 20 ಎಕರೆ ನೆಲ ಕೊಂಡರು. ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಹೆಬ್ಬಗೋಡಿಯಲ್ಲಿ, ಹೊಸೂರು ರಸ್ತೆಯ ಮೇಲೆ ಕಂಪನಿ ಬೆಳೆಯಿತು.

1987ರಲ್ಲಿ ಐಸಿಐಸಿಐನ ಎನ್. ವಾಘುಲ್ ಅವರ ಬೆಂಬಲದಿಂದ ಬಂದ ಹಣದಲ್ಲಿ ಜಪಾನಿನ ಮಾದರಿಯ ಘನ ಹುದುಗುವಿಕೆಯ ಘಟಕ ಕಟ್ಟಲಾಯಿತು. ಇದರಲ್ಲಿ ದ್ರವದ ಬದಲು ತೇವಗೊಳಿಸಿದ ಧಾನ್ಯ ಅಥವಾ ತೌಡಿನ ಮೇಲೆ ಬೂಷ್ಟು ಬೆಳೆಸುತ್ತಾರೆ. ಹಾಸುತಟ್ಟೆಗಳಲ್ಲಿ ಬೆಳೆಸುವಾಗ ಎರಡು ಕಾಟಗಳು. ಬೂಷ್ಟು ಬೆಳೆಯುತ್ತ ಬಿಸಿ ಉಗುಳುತ್ತದೆ, ದ್ರವದಂತೆ ಕಲಕಿ ತಣಿಸಲು ಆಗುವುದಿಲ್ಲ. ತಣಿಸಲು ಗಾಳಿಯಾಡಿಸಿದರೆ ಬೇಡದ ಜೀವಾಣುಗಳು ಬಂದು ಕೂರುತ್ತವೆ. ಪ್ಯಾಶ್ಚರರನ್ನು ಕಾಡಿದ ತೆರೆದ ತಟ್ಟೆಯೇ ಇಲ್ಲಿ ಇನ್ನೊಂದು ವೇಷದಲ್ಲಿ ಬಂದಿತ್ತು. ಬಯೋಕಾನಿನವರು ಇದಕ್ಕೆ ಕಂಡುಕೊಂಡ ಉತ್ತರ ಪ್ಲಾಫ್ರಾಕ್ಟರ್ ಎಂಬ ಮುಚ್ಚಿದ ಯಂತ್ರ. ಹಬೆಯಿಂದ ಶುದ್ಧಗೊಳಿಸುವುದು, ತಣಿಸುವುದು, ಬೆಳೆಸುವುದು, ಕೊನೆಗೆ ಬೇಕಾದ ವಸ್ತುವನ್ನು ಬಸಿದುಕೊಳ್ಳುವುದು, ಎಲ್ಲವೂ ಮುಚ್ಚಳ ತೆಗೆಯದೆ ಒಂದೇ ಪಾತ್ರೆಯೊಳಗೆ. ತಟ್ಟೆಗಳೊಳಗಿನ ಕಾಲುವೆಗಳಲ್ಲಿ ಹರಿಯುವ ದ್ರವ ಬಿಸಿಯನ್ನು ಒಯ್ಯುತ್ತದೆ, ಗಾಳಿಯನ್ನು ಅದಕ್ಕಾಗಿ ನಂಬಬೇಕಾಗಿಲ್ಲ. 2001ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಅದೇ ವರ್ಷ ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್ ಔಷಧಕ್ಕೆ ಅಮೆರಿಕದ ಔಷಧ ಇಲಾಖೆಯ ಒಪ್ಪಿಗೆಯೂ ಬಂತು. ಲೋವಾಸ್ಟಾಟಿನ್ ಕೂಡ ಬೂಷ್ಟಿನ ಕೊಡುಗೆಯೇ. 2004ರಲ್ಲಿ ಮಾರುಕಟ್ಟೆಗೆ ಬಂದ ಅವರ ಇನ್ಸುಲಿನ್ ತಯಾರಾಗುವುದು ಪಿಕಿಯಾ ಎಂಬ ಯೀಸ್ಟಿನಲ್ಲಿ.

ಔಷಧದ ಪಾತ್ರೆಯಲ್ಲಿ ತಣಿಯುವ ಗಳಿಗೆ ಎಷ್ಟು ಕಠಿಣವೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾವಿರಾರು ಲೀಟರಿನ ಉಕ್ಕಿನ ಪಾತ್ರೆಯನ್ನು 121 ಡಿಗ್ರಿಯ ಹಬೆಯಿಂದ ಶುದ್ಧಗೊಳಿಸುತ್ತಾರೆ. ಅಲ್ಲಿಂದ 30 ಡಿಗ್ರಿಯ ಆಸುಪಾಸಿಗೆ ಇಳಿಸಬೇಕು. ಹಬೆ ನೀರಾದ ಕ್ಷಣವೇ ಒಳಗೆ ನಿರ್ವಾತ ಉಂಟಾಗುತ್ತದೆ. ಆಗ ಯಾವುದಾದರೂ ವಾಲ್ವಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಹೊರಗಿನ ಗಾಳಿ ನುಗ್ಗುತ್ತದೆ. ಸಂದಿಯೇ ಇಲ್ಲದಿದ್ದರೆ ಪಾತ್ರೆ ನಮ್ಮ ಶಾಲೆಯ ಡಬ್ಬಿಯ ಗತಿ ಕಾಣುತ್ತದೆ. ಉಬ್ಬುವ ಒತ್ತಡವನ್ನು ತಾಳಬಲ್ಲ ಉಕ್ಕಿನ ತೊಟ್ಟಿ ಹೀರುವ ಒತ್ತಡಕ್ಕೆ ಬಹಳ ಬೇಗ ಮಣಿಯುತ್ತದೆ. ಆದ್ದರಿಂದ ಹಬೆ ನಿಲ್ಲಿಸುವ ಹೊತ್ತಿಗೇ 0.2 ಮೈಕ್ರಾನ್ ರಂಧ್ರದ ಸೋಸುಬಿಲ್ಲೆಯ ಮೂಲಕ ಶುದ್ಧ ಗಾಳಿಯನ್ನು ಒಳಗೆ ಒತ್ತುತ್ತ, ಪಾತ್ರೆಯ ಒತ್ತಡ ಹೊರಗಿನದಕ್ಕಿಂತ ತುಸು ಮೇಲೆಯೇ ಇರುವಂತೆ ನೋಡಿಕೊಳ್ಳುತ್ತಾರೆ. ಯೀಸ್ಟಿನ ಗಾತ್ರ ಸುಮಾರು 5 ಮೈಕ್ರಾನ್, ಸಾಮಾನ್ಯ ಬ್ಯಾಕ್ಟೀರಿಯಾದ್ದು ಸುಮಾರು 1 ಮೈಕ್ರಾನ್. ಹೀಗಿದ್ದರೆ ಎಲ್ಲಾದರೂ ಸಂದಿಯಿದ್ದರೂ ಸೋರುವುದು ಒಳಗಿನಿಂದ ಹೊರಕ್ಕೆ. ನಮ್ಮ ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿಯನ್ನು ಬಾಯಿಗೆ ಒತ್ತಿ ಹಿಡಿದಿರುವುದು ಒಳಗಿನ ಅನಿಲವೇ. ಒತ್ತಡ ಹೋಯಿತೆಂದರೆ ಗೋಲಿ ಬೀಳುತ್ತದೆ.

ನನ್ನ ವಿದ್ಯಾರ್ಥಿಗೆ ಹೇಳಿದ್ದೂ ಇದನ್ನೇ. ತಣಿಸುವಾಗ ಏರ್‌ಲಾಕಿನ ನೀರನ್ನು ನಂಬಬೇಡ. ಎಸ್ ಆಕಾರದ ಕೊಳವೆಯಾದರೆ ನೀರು ಒಳಕ್ಕೆ ಹೋಗದೆ ಗಾಳಿ ಮಾತ್ರ ಗುಳ್ಳೆಯಾಗಿ ಹೋಗುತ್ತದೆ, ಆದರೂ ಗಾಳಿ ಗಾಳಿಯೇ. ಹುದುಗುವಿಕೆ ಜೋರಾಗಿರುವಾಗಲೇ ಹೊರಬರುವ ಅನಿಲವನ್ನು ಒಂದು ಬಲೂನಿನಲ್ಲೋ ಚೀಲದಲ್ಲೋ ಹಿಡಿದಿಡು, ತಣ್ಣಗಾಗುವಾಗ ಪಾತ್ರೆ ಅದರಿಂದಲೇ ಉಸಿರೆಳೆದುಕೊಳ್ಳಲಿ. ಗೋಬರ್ ಗ್ಯಾಸಿನ ಡ್ರಮ್ಮು ಅನಿಲ ಹೆಚ್ಚಿದಾಗ ಏರಿ, ಖರ್ಚಾದಾಗ ಇಳಿಯುವಂತೆ. "ನಮ್ಮೂರಿನ ಗುಂಡಿ ಇಲ್ಲಿಗೂ ಬಂತಲ್ಲ ಸಾರ್" ಎಂದು ನಕ್ಕ.

ಅವನನ್ನು ಹೆದರಿಸಲು ಇಷ್ಟೆಲ್ಲ ಹೇಳಿದ್ದಲ್ಲ. ಹುದುಗಿ ಮುಗಿದ ಬಿಯರಿಗೆ ತನ್ನದೇ ರಕ್ಷಣೆ ಸ್ವಲ್ಪ ಇದೆ. ಮದ್ಯಸಾರ, ಹಾಪ್ಸಿನ ಕಹಿ, ಹುಳಿಯಂಶ ಇವು ಬಹಳಷ್ಟು ಜೀವಾಣುಗಳನ್ನು ತಡೆಯುತ್ತವೆ. ಆ ಹಂತದಲ್ಲಿ ಒಳಬಂದ ಆಮ್ಲಜನಕವೇ ಹೆಚ್ಚು ಕೆಟ್ಟದ್ದು. ಅದು ರುಚಿಯನ್ನು ಹಳಸುತ್ತದೆ, ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಅನುಕೂಲ ಮಾಡಿಕೊಡುತ್ತದೆ. ನಿಜವಾದ ಅಪಾಯ ಕುದಿಸಿದ ಕಷಾಯ 60 ಡಿಗ್ರಿಯಿಂದ ಕೆಳಗಿಳಿದು, ಯೀಸ್ಟ್ ಇನ್ನೂ ಬಿದ್ದಿರದ ಹೊತ್ತಿನಲ್ಲಿ. ಸಿಹಿಯಿದೆ, ಬೆಚ್ಚಗಿದೆ, ಕಾಯುವವರಿಲ್ಲ.

ಕರ್ನಾಟಕದಲ್ಲಿ ಈ ಸಲಹೆಯನ್ನು ಮನೆಯಲ್ಲಿ ಪ್ರಯೋಗಿಸಹೊರಡುವವರಿಗೆ ಒಂದು ಮಾತು. 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಇಲ್ಲಿ ಅಪರಾಧ. 2010ರ ಸುಮಾರಿಗೆ ಹೋಟೆಲುಗಳೇ ಬಿಯರ್ ತಯಾರಿಸುವ ಮೈಕ್ರೋಬ್ರುವರಿಗಳಿಗೆ ಪರವಾನಗಿ ಸಿಗತೊಡಗಿತು. ವೈಟ್‌ಫೀಲ್ಡಿನಲ್ಲಿ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ 2012ರಲ್ಲಿ ಬಂತು. ಇಂಥ ಕಡೆಗಳಲ್ಲಿ ಹೊರಕವಚದಲ್ಲಿ ಶೀತದ್ರವ ಹರಿಯುವ ಉಕ್ಕಿನ ತೊಟ್ಟಿಗಳಿರುತ್ತವೆ. ತಣಿಸುವ ಮುನ್ನ ಹೊರಗೊಯ್ಯುವ ಕೊಳವೆಯನ್ನು ಮುಚ್ಚಿ, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಕೊಟ್ಟು ಒತ್ತಡ ಕಾಯುವುದು ಅಲ್ಲಿನ ವಾಡಿಕೆ. ಅದೇ ವೈಟ್‌ಫೀಲ್ಡಿನಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್ ಸಂಸ್ಥೆಯ ನೆಲೆಯೂ ಇದೆ. ಬಯೋಕಾನ್ ತನ್ನ ಕಿಣ್ವಗಳ ವ್ಯಾಪಾರವನ್ನು 2007ರಲ್ಲಿ ಮಾರಿದ್ದು ಆ ಸಂಸ್ಥೆಗೇ. 2024ರಿಂದ ಅದರ ಹೆಸರು ನೊವೊನೆಸಿಸ್. ಹ್ಯಾನ್ಸೆನ್ ಶುದ್ಧ ಯೀಸ್ಟ್ ಬೆಳೆಸಿದ ದೇಶದವರ ಕೈಗೆ ನಮ್ಮ ಪಪ್ಪಾಯಿ ಗ್ಯಾರೇಜಿನ ವಾರಸು ಸೇರಿತು.

ಈ ಚರಿತ್ರೆಯಲ್ಲಿ ಹೆಸರಿಲ್ಲದವರು ಪಾತ್ರೆ ಮಾಡುವ ಕೆಲಸಗಾರರು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಶೆಡ್ಡುಗಳಲ್ಲಿ ಹಾಲಿಗೆ, ಔಷಧಕ್ಕೆ, ಬಿಯರಿಗೆ ಬೇಕಾದ ಸ್ಟೇನ್‌ಲೆಸ್ ತೊಟ್ಟಿಗಳಿಗೆ ಬೆಸುಗೆ ಹಾಕುವವರು. ಬೆಸುಗೆಯ ಒಳಮೈ ಒರಟಾಗಿದ್ದರೆ ಜೀವಾಣು ಅಲ್ಲಿ ಮನೆಮಾಡುತ್ತದೆ, ಯಾವ ತೊಳೆಯುವಿಕೆಗೂ ಸಿಗುವುದಿಲ್ಲ. ಕಾದ ಉಕ್ಕಿಗೆ ಗಾಳಿ ತಾಗಿದರೆ ಒಳಮೈ ಕರಕಲಾಗಿ ಒರಟಾಗುತ್ತದೆ. ಅದಕ್ಕಾಗಿ ಅವರು ಕೊಳವೆಯ ಎರಡೂ ತುದಿ ಕಟ್ಟಿ, ಒಳಗೆ ಆರ್ಗಾನ್ ಅನಿಲ ತುಂಬಿ, ಅದು ಸಣ್ಣಗೆ ಹೊರಸೂಸುತ್ತಿರುವಂತೆಯೇ ಹೊರಗಿನಿಂದ ಬೆಸುಗೆ ಹಾಕುತ್ತಾರೆ. ಬೆಸುಗೆ ತಣ್ಣಗಾಗುವವರೆಗೆ ಅನಿಲ ನಿಲ್ಲಿಸುವುದಿಲ್ಲ.